ಸ್ಕೋಪಿನ ದೋಷ, ಗುರಿಕಾರನ ಹೊಣೆ

ಉಪಕರಣವನ್ನು ನಂಬಿ ಮಾಡಿದ ಕೆಲಸ ಕೆಟ್ಟರೆ ಹೊಣೆ ಯಾರದು ಎಂಬುದು ನೀತಿವಿಚಾರದ ಹಳೆಯ ಪ್ರಶ್ನೆ. ಬೇಟೆಯ ರೈಫಲ್ ಮೇಲೆ ಕೂರಿಸುವ ಸ್ಕೋಪ್, ಎಂದರೆ ಗುರಿ ನೋಡುವ ದೂರದರ್ಶಕ, ಈ ಪ್ರಶ್ನೆಯನ್ನು ಬಹಳ ತೀವ್ರವಾಗಿ ಎತ್ತುತ್ತದೆ. ಇಲ್ಲಿ ತಪ್ಪು ಒಬ್ಬರದು, ನೋವು ಇನ್ನೊಂದು ಜೀವದ್ದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಭಾರತದಲ್ಲಿ ಮೋಜಿನ ಬೇಟೆ ಹಂತಹಂತವಾಗಿ ನಿಂತಿತು. ಪ್ರಶ್ನೆ ಮಾತ್ರ ನಿಲ್ಲಲಿಲ್ಲ. ಪುಣೆ ಜಿಲ್ಲೆಯ ಕಬ್ಬಿನ ಗದ್ದೆಗಳಲ್ಲಿ ಚಿರತೆಗಳು ಮರಿ ಹಾಕಿ ಬೆಳೆಸುತ್ತವೆ. ನಗರದ ಪೂರ್ವದಂಚಿನ ಹಡಪಸರಕ್ಕೂ ಅವು ಬಂದದ್ದುಂಟು. 2021ರಲ್ಲಿ ಅಲ್ಲಿ ಒಬ್ಬರು ಚಿರತೆಯ ದಾಳಿಯಲ್ಲಿ ಗಾಯಗೊಂಡರು. ಮನುಷ್ಯರ ಜೀವಕ್ಕೆ ಅಪಾಯ ಒಡ್ಡುವ ಪ್ರಾಣಿಯ ವಿಷಯದಲ್ಲಿ ಕಾಯ್ದೆಯ 11ನೇ ಕಲಂ ಮುಖ್ಯ ವನ್ಯಜೀವಿ ಪರಿಪಾಲಕರಿಗೆ ನಿರ್ಧರಿಸುವ ಅಧಿಕಾರ ಕೊಡುತ್ತದೆ. ಅರಿವಳಿಕೆ ಕೊಟ್ಟು ಹಿಡಿಯುವುದು ಮೊದಲ ದಾರಿ, ಕೊಲ್ಲುವುದು ಕೊನೆಯದು. ಅರಿವಳಿಕೆಯ ಡಾರ್ಟ್ ಹೊಡೆಯುವ ಬಂದೂಕಾಗಲಿ ಗುಂಡಿನ ರೈಫಲ್ಲಾಗಲಿ, ಹೊಡೆಯುವವರ ಕಣ್ಣು ಮತ್ತು ಪ್ರಾಣಿಯ ನಡುವೆ ಬಹಳ ಸಲ ಒಂದು ಸ್ಕೋಪ್ ಇರುತ್ತದೆ.

ಸ್ಕೋಪಿನ ಕೊಳವೆಯ ಒಳಗೆ ಇನ್ನೊಂದು ಸಣ್ಣ ಕೊಳವೆ ಇದೆ. ಅದನ್ನು ಒಂದು ಕಡೆಯಿಂದ ಸ್ಪ್ರಿಂಗ್ ಒತ್ತುತ್ತದೆ, ಎದುರಿನಿಂದ ತಿರುಪುಗಳು ತಡೆದು ಹಿಡಿಯುತ್ತವೆ. ಸಾಮಾನ್ಯ ಬೇಟೆ ಸ್ಕೋಪಿನಲ್ಲಿ ತಿರುಪನ್ನು ಒಂದು ಕ್ಲಿಕ್ ತಿರುಗಿಸಿದರೆ 100 ಮೀಟರ್ ದೂರದಲ್ಲಿ ಗುಂಡು ಬೀಳುವ ಜಾಗ ಸುಮಾರು 7 ಮಿಲಿಮೀಟರ್ ಸರಿಯಬೇಕು. ಸ್ಪ್ರಿಂಗ್ ಕಳಪೆಯಾಗಿದ್ದರೆ ಕ್ಲಿಕ್ ಎಂಬ ಸದ್ದು ಬರುತ್ತದೆ, ಒಳಕೊಳವೆ ಅಲುಗುವುದಿಲ್ಲ; ಮುಂದಿನ ಗುಂಡಿನ ಒದೆತಕ್ಕೆ ಅದು ಒಮ್ಮೆಲೇ ಜಿಗಿಯುತ್ತದೆ. ಒಳಗೆ ಮಂಜು ಕಟ್ಟದಿರಲೆಂದು ಗಾಳಿಯನ್ನು ತೆಗೆದು ನೈಟ್ರೋಜನ್ ಅಥವಾ ಆರ್ಗಾನ್ ತುಂಬಿರುತ್ತಾರೆ. ಸೀಲು ಬಿಟ್ಟರೆ ಮಳೆಗಾಲದ ಬೆಳಗಿನಲ್ಲಿ ಗಾಜು ಮಸುಕಾಗುತ್ತದೆ. ಸ್ಪ್ರಿಂಗ್ ಏರ್ ರೈಫಲ್ ಹಿಂದಕ್ಕೆ ಒದ್ದು ಕೂಡಲೇ ಮುಂದಕ್ಕೂ ಒದೆಯುವುದರಿಂದ, ಹಿಂದಿನ ಒದೆತವನ್ನಷ್ಟೇ ಎಣಿಸಿ ಕಟ್ಟಿದ ಸ್ಕೋಪು ಅದರ ಮೇಲೆ ಬೇಗ ಕೆಡುತ್ತದೆ. ಎಷ್ಟೋ ಸಲ ಸ್ಕೋಪಿನಲ್ಲಿ ದೋಷವೇ ಇರುವುದಿಲ್ಲ, ಅದನ್ನು ಬಂದೂಕಿಗೆ ಬಿಗಿದ ಬಳೆಯ ಸ್ಕ್ರೂ ಸಡಿಲಾಗಿರುತ್ತದೆ.

ಈ ದೋಷಗಳಲ್ಲಿ ಮಂಜು ಮಾತ್ರ ಕಣ್ಣಿಗೆ ಕಾಣುವಂಥದ್ದು. ಉಳಿದವು ಚಿತ್ರವನ್ನು ಕೆಡಿಸುವುದಿಲ್ಲ. ಅಡ್ಡಗೆರೆಗಳು ಸ್ಪಷ್ಟವಾಗಿರುತ್ತವೆ, ಪ್ರಾಣಿ ಹತ್ತಿರದಲ್ಲೇ ನಿಂತಂತಿರುತ್ತದೆ, ಗುಂಡು ಮಾತ್ರ ಬೇರೆಡೆ ಹೋಗುತ್ತದೆ. ಚೆನ್ನಾಗಿ ಕಂಡದ್ದು ಸರಿಯಾಗಿ ಕಂಡದ್ದೇ ಆಗಿರಬೇಕಿಲ್ಲ. ತತ್ತ್ವಶಾಸ್ತ್ರದಲ್ಲಿ ಪ್ರಾಮಾಣ್ಯದ, ಎಂದರೆ ಅರಿವು ನಿಜವೆಂದು ತಿಳಿಯುವ ಬಗೆಯ, ಚರ್ಚೆ ಹುಟ್ಟುವುದು ಇಲ್ಲಿಯೇ. ಜ್ಞಾನ ತನ್ನ ಸತ್ಯತೆಯನ್ನು ತಾನೇ ತೋರಿಸಿಕೊಳ್ಳುತ್ತದೆ, ಸುಳ್ಳೆಂದು ತಿಳಿಯುವುದಕ್ಕಷ್ಟೇ ಬೇರೆ ಕಾರಣ ಬೇಕು ಎಂದರು ಮೀಮಾಂಸಕರು. ಸತ್ಯವೆಂದು ತಿಳಿಯುವುದಕ್ಕೂ ಹೊರಗಿನ ಆಧಾರ ಬೇಕು, ಅರಿವನ್ನು ನಂಬಿ ಮಾಡಿದ ಕೆಲಸ ಫಲಿಸುವುದೇ ಆ ಆಧಾರ ಎಂದರು ನೈಯಾಯಿಕರು. ಬೇಟೆಗಾರನಿಗೆ ನೈಯಾಯಿಕರ ಮಾರ್ಗದಲ್ಲಿ ಒಂದು ತೊಡಕಿದೆ. ಅವನ ಕೆಲಸ ಫಲಿಸಿತೋ ಇಲ್ಲವೋ ತಿಳಿಯುವ ಹೊತ್ತಿಗೆ ಪ್ರಾಣಿ ಗಾಯಗೊಂಡಿರುತ್ತದೆ. ಆದ್ದರಿಂದ ಫಲದ ಪರೀಕ್ಷೆ ಜೀವದ ಮೇಲೆ ನಡೆಯಬಾರದು, ಅದಕ್ಕಿಂತ ಮೊದಲು ಕಾಗದದ ಮೇಲೆ ನಡೆಯಬೇಕು.

ಈ ಚರ್ಚೆಯ ಇನ್ನೊಂದು ಎಳೆ ಇದೇ ಸೀಮೆಯದು. ಹಡಪಸರದ ಮೂಲಕ ಹಾದುಹೋಗುವ ಸೊಲ್ಲಾಪುರ ರಸ್ತೆಯ ದಿಕ್ಕಿನಲ್ಲೇ ಮುಂದೆ ಪಂಢರಪುರದ ಬಳಿ ಮಂಗಳವೇಢೆ ಸಿಗುತ್ತದೆ. ಅದೇ, ಸಂಪ್ರದಾಯದ ಪ್ರಕಾರ, ದ್ವೈತ ಮತದ ಟೀಕಾಚಾರ್ಯ ಜಯತೀರ್ಥರ ಹುಟ್ಟೂರು. ಅವರ ‘ಪ್ರಮಾಣಪದ್ಧತಿ’ಯಲ್ಲಿ, ದೋಷವಿಲ್ಲದ ಇಂದ್ರಿಯಕ್ಕೆ ದೋಷವಿಲ್ಲದ ವಿಷಯದೊಡನೆ ಆಗುವ ಸಂಬಂಧವೇ ಪ್ರತ್ಯಕ್ಷ. ವಿಷಯ ಬಹಳ ದೂರದಲ್ಲಿರುವುದು, ಬಹಳ ಸಣ್ಣದಾಗಿರುವುದು, ನಡುವೆ ಮರೆ ಇರುವುದು, ಬೇರೊಂದನ್ನು ಹೋಲುವುದು ಇವೆಲ್ಲ ಅಲ್ಲಿ ದೋಷಗಳು. ಈ ಪಟ್ಟಿಯ ಎದುರು ಸ್ಕೋಪನ್ನು ಇಟ್ಟು ನೋಡಿದರೆ ಅದರ ಶಕ್ತಿಯೂ ಮಿತಿಯೂ ತಿಳಿಯುತ್ತವೆ. ದೂರ ಮತ್ತು ಸಣ್ಣತನವನ್ನು ಅದು ಕಳೆಯುತ್ತದೆ. ಕಬ್ಬಿನ ಗರಿಯ ಮರೆಯನ್ನಾಗಲಿ, ನಾಯಿಯೊಂದು ಚಿರತೆಯ ಮರಿಯಂತೆ ಕಾಣುವುದನ್ನಾಗಲಿ ಕಳೆಯಲಾರದು. ಜೊತೆಗೆ, ಸ್ಕೋಪಿಗೆ ಕಣ್ಣಿಟ್ಟವನಿಗೆ ಅದು ಇಂದ್ರಿಯದ ಭಾಗವೇ ಆಗಿಬಿಡುವುದರಿಂದ ಅದರ ದೋಷ ಇಂದ್ರಿಯದ ದೋಷವೇ ಆಗುತ್ತದೆ.

ರಾಮಾಯಣದ ದಶರಥ ಕತ್ತಲಲ್ಲಿ ಶಬ್ದ ಕೇಳಿ ಬಾಣ ಬಿಟ್ಟ. ಕೊಡಕ್ಕೆ ನೀರು ತುಂಬುವ ಸದ್ದು ಆನೆಯ ಸದ್ದಿನಂತಿತ್ತು. ಬಾಣ ಗುರಿ ತಪ್ಪಲಿಲ್ಲ, ಸತ್ತವನು ಋಷಿಕುಮಾರ. ದಶರಥನ ಕೌಶಲದಲ್ಲಿ ಕೊರತೆ ಇರಲಿಲ್ಲ, ಅರಿವಿನಲ್ಲಿತ್ತು. ಕೆಟ್ಟ ಸ್ಕೋಪಿನ ಬೇಟೆಗಾರನದು ಇದಕ್ಕೆ ತಿರುಗುಮುರುಗು: ಪ್ರಾಣಿ ಯಾವುದೆಂದು ಗೊತ್ತು, ಗುಂಡು ಎಲ್ಲಿ ತಾಗುತ್ತದೆಂದು ಗೊತ್ತಿಲ್ಲ. ಹೃದಯಕ್ಕೆ ಗುರಿಯಿಟ್ಟ ಗುಂಡು ಹೊಟ್ಟೆಗೆ ಬಿದ್ದರೆ ಪ್ರಾಣಿ ತಾಸುಗಟ್ಟಲೆ ನರಳುತ್ತದೆ. ತೊಡೆಯ ಮಾಂಸಕ್ಕೆ ನಾಟಬೇಕಾದ ಡಾರ್ಟ್ ಒಂದು ಗೇಣು ಸರಿದರೆ, ಉಳಿಸಲು ಹೊರಟವರ ಕೈಯಲ್ಲೇ ಚಿರತೆ ಸಾಯಬಹುದು.

ಬೇಕೆಂದು ಮಾಡದ ಈ ಹಿಂಸೆ ಪಾಪವೇ? ಜೈನ ಆಚಾರ್ಯ ಉಮಾಸ್ವಾತಿಯ ‘ತತ್ತ್ವಾರ್ಥಸೂತ್ರ’ ಪ್ರಮಾದದಿಂದ, ಎಂದರೆ ಎಚ್ಚರ ತಪ್ಪಿ, ಪ್ರಾಣ ಕಳೆಯುವುದನ್ನೇ ಹಿಂಸೆ ಎನ್ನುತ್ತದೆ. ದ್ವೇಷವಿಲ್ಲದಿದ್ದರೂ ಅಜಾಗ್ರತೆ ಸಾಕು. ಜೈನ ಗೃಹಸ್ಥರ ನಡತೆಯನ್ನು ಹೇಳುವ ಶ್ರಾವಕಾಚಾರ ಗ್ರಂಥಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಹಿಂಸೆಯ ಸಾಧನಗಳನ್ನು ಇತರರಿಗೆ ಕೊಡುವುದನ್ನೂ ಅನರ್ಥದಂಡ ಎಂಬ ದೋಷದಲ್ಲಿ ಸೇರಿಸುತ್ತವೆ. ಸ್ಪ್ರಿಂಗ್ ಕಳಪೆಯೆಂದು ತಿಳಿದೂ ಸ್ಕೋಪನ್ನು ಮಾರುವವನು ಈ ದೃಷ್ಟಿಯಲ್ಲಿ ಹೊರಗಿನವನಲ್ಲ.

ಭಗವದ್ಗೀತೆಯ 18ನೇ ಅಧ್ಯಾಯ ಕರ್ಮಕ್ಕೆ ಐದು ಕಾರಣಗಳನ್ನು ಹೇಳುತ್ತದೆ: ಅಧಿಷ್ಠಾನ, ಕರ್ತೃ, ಕರಣ, ಚೇಷ್ಟೆ, ಕೊನೆಗೆ ದೈವ. ಗುರಿ ತಪ್ಪಿದಾಗ ಬಾಯಿಗೆ ಮೊದಲು ಬರುವುದು ದೈವದ ಹೆಸರು. ಆದರೆ ಆ ಮಾತಾಡುವ ಹಕ್ಕು ಬರುವುದು ಕರಣವನ್ನು, ಎಂದರೆ ಉಪಕರಣವನ್ನು, ಪರೀಕ್ಷಿಸಿದ ಮೇಲೆ ಮಾತ್ರ. ಪರೀಕ್ಷೆ ಕಷ್ಟದ್ದೂ ಅಲ್ಲ. ರೈಫಲ್ಲನ್ನು ಮರಳುಚೀಲದ ಮೇಲೆ ಇಟ್ಟು ಕಾಗದದ ಗುರಿಗೆ ಹೊಡೆಯಬೇಕು. ಗುರಿಯಿಡುವ ಚುಕ್ಕೆಯನ್ನು ಬದಲಿಸದೆ ತಿರುಪನ್ನು 20 ಕ್ಲಿಕ್ ಮೇಲೆ, 20 ಬಲಕ್ಕೆ, 20 ಕೆಳಗೆ, 20 ಎಡಕ್ಕೆ ತಿರುಗಿಸುತ್ತ ಪ್ರತಿ ಸಲವೂ ಹೊಡೆಯಬೇಕು. ಸ್ಕೋಪ್ ಸರಿಯಿದ್ದರೆ ಕಾಗದದ ಮೇಲೆ ಚೌಕ ಮೂಡುತ್ತದೆ, ಕೊನೆಯ ಗುಂಡು ಮೊದಲನೆಯದರ ಪಕ್ಕಕ್ಕೇ ಬರುತ್ತದೆ. ಡಾರ್ಟ್ ಬಂದೂಕಿನಲ್ಲಿ, ನಿಜವಾಗಿ ಹೊಡೆಯಬೇಕಾಗುವಷ್ಟೇ ದೂರದಿಂದ, ಅಷ್ಟೇ ತೂಕದ ಡಾರ್ಟಿನಿಂದ ನೋಡಬೇಕು. ಸ್ಕೋಪ್ ಕೆಳಗೆ ಬಿದ್ದರೆ, ಜೀಪಿನಲ್ಲಿ ದೂರ ಕುಲುಕಿ ಬಂದರೆ ಪರೀಕ್ಷೆ ಮತ್ತೆ ಮೊದಲಿಂದ ಆಗಬೇಕು.

ಹೊಣೆ ಹಂಚಿಹೋಗುವುದು ನಿಜ. ತಯಾರಿಸಿದವನಿಗೆ ತಯಾರಿಕೆಯ ಹೊಣೆ, ಮಾರಿದವನಿಗೆ ಮಾತಿನ ಹೊಣೆ, ಕೊಂಡು ಕೊಟ್ಟ ಅರಣ್ಯ ಇಲಾಖೆಗೆ ಆಯ್ಕೆಯ ಹೊಣೆ. ಆದರೆ ಪ್ರಾಣಿಯನ್ನು ನೋಡುವವನು, ಕೊನೆಯ ಗಳಿಗೆಯಲ್ಲೂ ತಡೆದುಕೊಳ್ಳಬಲ್ಲವನು ಕುದುರೆ ಎಳೆಯುವವನೊಬ್ಬನೇ. ಅವನ ಪಾಲನ್ನು ಬೇರೆ ಯಾರೂ ಹೊರಲಾರರು. ಸ್ಕೋಪನ್ನು ಪರೀಕ್ಷಿಸಿದ್ದರೂ ಕಾಣದೆ ಉಳಿದ ದೋಷದಿಂದ ಆದ ಗಾಯಕ್ಕೆ ಅವನು ದುಃಖಪಡಬೇಕು, ತಪ್ಪಿತಸ್ಥನಾಗಬೇಕಿಲ್ಲ. ಪರೀಕ್ಷಿಸದೆ ಹೊಡೆದವನಾದರೆ ಗುರಿ ತಾಗಿದಾಗಲೂ ತಪ್ಪಿತಸ್ಥನೇ.