ಓದುವದೋ, ಒಪ್ಪಿಸುವದೋ?



ಒಂದು ಮಗುವು ಓದಬಲ್ಲದೆಂದು ನಾವು ಯಾವಾಗ ನ್ಯಾಯವಾಗಿ ಹೇಳಬಹುದು? ಇದು ಉಪಾಧ್ಯಾಯರಿಗೆ ಮಾತ್ರ ಸೇರಿದ ಪ್ರಶ್ನೆಯೆಂದು ಕೆಲವರಿಗೆ ತೋರೀತು. ಆದರೆ ಇದರೊಳಗೆ ಸತ್ಯಾಸತ್ಯಗಳ ವಿಚಾರವು ಅಡಗಿರುವದರಿಂದ ತಂದೆತಾಯಿಗಳೂ ಇದನ್ನು ಆಲೋಚಿಸತಕ್ಕದ್ದು.

ಕೆಲವು ವರುಷಗಳ ಹಿಂದೆ ಒಂದು ಹಳ್ಳಿಯ ಶಾಲೆಯಲ್ಲಿ ಮೂರನೆಯ ತರಗತಿಯ ಹುಡುಗಿಯೊಬ್ಬಳು ನಮ್ಮ ಮುಂದೆ ನಿಂತು ತನ್ನ ಪಾಠವನ್ನು ಎಲ್ಲಿಯೂ ತಡೆಯದೆ ಓದಿದಳು. ನಾವು ಸಂತೋಷಪಟ್ಟು ಎಲ್ಲರೆದುರಿಗೆ ಅವಳನ್ನು ಹೊಗಳಿದೆವು. ಅವಳು ಇನ್ನೊಮ್ಮೆ ಓದುವಾಗ ಹತ್ತಿರ ಹೋಗಿ ನೋಡಿದರೆ, ಬೆರಳು ಒಂದು ಸಾಲಿನಲ್ಲಿಯೂ ನಾಲಿಗೆಯು ಮತ್ತೊಂದು ಸಾಲಿನಲ್ಲಿಯೂ ಇದ್ದವು. ನಡುವಿನ ಒಂದು ಶಬ್ದವನ್ನು ತೋರಿಸಿ, “ಇದೇನಮ್ಮಾ?” ಎಂದು ಕೇಳಿದೆವು. ಅವಳು ಪಾಠವನ್ನು ಮೊದಲಿನಿಂದ ಮೆಲ್ಲಗೆ ಒಪ್ಪಿಸಿಕೊಳ್ಳುತ್ತಾ ಆ ಶಬ್ದದ ವರೆಗೆ ಬರಲು ಪ್ರಯತ್ನಿಸಿ, ಕಡೆಗೆ ತಲೆತಗ್ಗಿಸಿ ಕಣ್ಣೀರಿಟ್ಟಳು. ಆ ದಿನ ನಾಚಿಕೆಪಡತಕ್ಕವರು ನಾವೇ. ಯಾಕಂದರೆ ಓದಲಾರದವಳನ್ನು ಓದುವವಳೆಂದು ಸಾರಿದವರು ನಾವು.

ಈ ಮೋಸವು ಹೊಸದಲ್ಲ. ಇಂಗ್ಲೆಂಡಿನಲ್ಲಿ 1862ರಲ್ಲಿ ಒಂದು ನಿಯಮವು ಹೊರಟಿತು. ಅದೇನಂದರೆ, ಓದು, ಬರಹ, ಲೆಕ್ಕಗಳಲ್ಲಿ ಮಕ್ಕಳು ತೇರ್ಗಡೆಯಾದ ಪ್ರಕಾರ ಶಾಲೆಗೆ ಸರಕಾರದ ಹಣವು ದೊರೆಯುವದು. ತಪ್ಪಿದ ಒಂದೊಂದು ವಿಷಯಕ್ಕೆ ಇಷ್ಟೆಂದು ಹಣವನ್ನು ಕಡಿಮೆ ಮಾಡುವರು. ಇದರ ಫಲವೇನು? ಪರೀಕ್ಷೆಯ ಪುಸ್ತಕವನ್ನು ಮಕ್ಕಳು ಬಾಯಿಪಾಠ ಮಾಡತೊಡಗಿದರು. ಶಾಲೆಗಳ ಪರೀಕ್ಷಕನೂ ಕವಿಯೂ ಆಗಿದ್ದ ಮ್ಯಾಥ್ಯೂ ಆರ್ನಲ್ಡನು, ಜಾಣತನದಿಂದ ಸಿದ್ಧಮಾಡಿದರೆ ನಿಜವಾಗಿ ಓದಲು ಬಾರದ ಮಗುವನ್ನೂ ತೇರ್ಗಡೆ ಮಾಡಿಸಬಹುದೆಂದು ತನ್ನ ವರದಿಗಳಲ್ಲಿ ಎಚ್ಚರಿಸಿದನು. ಅಳತೆಗೋಲಿಗೆ ಹಣವನ್ನಾಗಲಿ ಹೊಗಳಿಕೆಯನ್ನಾಗಲಿ ಕಟ್ಟಿದರೆ, ಜನರು ವಸ್ತುವನ್ನು ಬಿಟ್ಟು ಕೋಲನ್ನೇ ಪೂಜಿಸುವರು.

ಹಾಗಾದರೆ ಪರೀಕ್ಷೆಯೇ ಬೇಡವೋ? ಹಾಗಲ್ಲ. ಪರೀಕ್ಷಿಸದಿದ್ದರೆ ಆ ಹುಡುಗಿಯ ಕಷ್ಟವು ನಮಗೆ ತಿಳಿಯುತ್ತಲೇ ಇರಲಿಲ್ಲ. ಪ್ರಥಮ್ ಎಂಬ ಸಂಸ್ಥೆಯವರು 2005ರಿಂದ ‘ಅಸರ್’ ಎಂಬ ಸಮೀಕ್ಷೆಯನ್ನು ನಡಿಸುತ್ತಿದ್ದಾರೆ. ಅವರು ಹಳ್ಳಿಯ ಮನೆಗಳಿಗೆ ಹೋಗಿ ಒಂದೊಂದು ಮಗುವಿನ ಬಳಿಯಲ್ಲಿ ಕೂತು, ಅಕ್ಷರ, ಶಬ್ದ, ಚಿಕ್ಕ ಪಾಠ, ಕಥೆ ಎಂಬ ನಾಲ್ಕು ಮೆಟ್ಟಲುಗಳಲ್ಲಿ ಅದು ಎಲ್ಲಿ ನಿಂತಿದೆಯೆಂದು ನೋಡುವರು. 2024ರಲ್ಲಿ ನಮ್ಮ ದೇಶದ ಹಳ್ಳಿಗಳ ಐದನೆಯ ತರಗತಿಯ ಮಕ್ಕಳಲ್ಲಿ ಎರಡನೆಯ ತರಗತಿಯ ಕಥೆಯನ್ನು ಓದಬಲ್ಲವರು ನೂರಕ್ಕೆ ಸುಮಾರು 49 ಮಂದಿ ಮಾತ್ರ. ಮಿಕ್ಕವರೆಲ್ಲರೂ ದಡ್ಡರೋ? ಎಂದಿಗೂ ಅಲ್ಲ. ಅವರು ಎಲ್ಲಿ ಎಡವಿದರೆಂದು ಯಾರೂ ಬಗ್ಗಿ ನೋಡದೆ ಮುಂದಿನ ತರಗತಿಗೆ ದಾಟಿಸಿದ್ದೇ ಅನೇಕರ ಕಷ್ಟಕ್ಕೆ ಕಾರಣ.

ಅಮೇರಿಕದ ಎಮ್ಮೆಟ್ ಬೆಟ್ಸ್ ಎಂಬ ಪಂಡಿತನು 1946ರಲ್ಲಿ ಒಂದು ಅಳತೆಯನ್ನು ಹೇಳಿದನು. ಮಗುವು ಒಂದು ಪುಸ್ತಕವನ್ನು ಯಾರ ಸಹಾಯವಿಲ್ಲದೆ ಓದುವದೆನ್ನಬೇಕಾದರೆ ನೂರು ಶಬ್ದಗಳಲ್ಲಿ 99ನ್ನು ಗುರುತಿಸಬೇಕು. ಅಷ್ಟೇ ಅಲ್ಲ, ಕೇಳಿದ ಪ್ರಶ್ನೆಗಳಲ್ಲಿ ನೂರಕ್ಕೆ 90ಕ್ಕಾದರೂ ಉತ್ತರ ಕೊಡಬೇಕು. ನಾಲಿಗೆಯ ಓದು ಒಂದು, ಬುದ್ಧಿಯ ಓದು ಇನ್ನೊಂದು. ಎರಡೂ ಕೂಡಿದರೇನೇ ಓದು. ನಮ್ಮ ಕನ್ನಡದಲ್ಲಿಯೂ ಇದನ್ನು ಕಾಣಬಹುದು. ಮಗುವು ಒತ್ತಕ್ಷರವನ್ನು ಬಿಟ್ಟರೆ ‘ಕತ್ತೆ’ಯು ‘ಕತೆ’ಯಾಗುವದು. ಅರ್ಥ ಹಿಡಿದು ಓದುವ ಮಗುವು ತಟ್ಟನೆ ನಿಂತು ತಿದ್ದಿಕೊಳ್ಳುವದು. ಬರೇ ಧ್ವನಿಯನ್ನು ಹೊರಡಿಸುವ ಮಗುವು ಕತೆಯ ಬೆನ್ನ ಮೇಲೆ ಮೂಟೆಯನ್ನು ಹೊರಿಸಿಕೊಂಡು ಮುಂದೆ ಹೋಗುವದು.

ಕೂಸಿನ ತಪ್ಪನ್ನು ಹುಡುಕುವದು ಕ್ರೂರತನವಲ್ಲವೋ ಎಂದು ಕೆಲವರು ಕೇಳಾರು. ಎಲ್ಲರೆದುರಿಗೆ ನಿಲ್ಲಿಸಿ ನಗುವದು ನಿಶ್ಚಯವಾಗಿ ಕ್ರೂರತನವೇ. ಆದರೆ ಒಂಟಿಯಾಗಿ ಪಕ್ಕದಲ್ಲಿ ಕೂಡ್ರಿಸಿಕೊಂಡು ಕೇಳುವದು ಪ್ರೀತಿಯ ಕೆಲಸ. ವೈದ್ಯನು ನಾಡಿ ಹಿಡಿಯುವದು ರೋಗಿಯನ್ನು ಬೈಯುವದಕ್ಕಲ್ಲ. ಬಾಯಿಪಾಠವೂ ಕೆಟ್ಟದ್ದಲ್ಲ, ಅದು ನೆನಪಿನ ಭಂಡಾರ. ಅದನ್ನು ಓದೆಂದು ಕರೆಯುವದೇ ತಪ್ಪು. ಸುಳ್ಳು ಹೊಗಳಿಕೆಯು ದಯೆಯಂತೆ ತೋರುತ್ತದೆ. ಆದರೆ ಅದರ ಸಾಲವನ್ನು ತೀರಿಸುವವರು ನಾವಲ್ಲ, ಆ ಮಗುವೇ. ನಾಳೆ ಸಾಲದ ಪತ್ರದ ಮೇಲೆ ರುಜು ಹಾಕುವಾಗಲೂ ಔಷಧದ ಚೀಟಿಯನ್ನು ಹಿಡಿಯುವಾಗಲೂ ಅದಕ್ಕೆ ಒಪ್ಪಿಸುವ ವಿದ್ಯೆಯು ಕೆಲಸಕ್ಕೆ ಬಾರದು.

ತಮಗೇ ಓದಲು ಬಾರದ ತಂದೆತಾಯಿಗಳೂ ಇದನ್ನು ಪರೀಕ್ಷಿಸಬಹುದು. ಮಗುವು ಎಂದೂ ನೋಡದ ಒಂದು ಕಾಗದವನ್ನು, ಬಸ್ಸಿನ ಹಲಗೆಯನ್ನು, ಅಂಗಡಿಯ ಚೀಟಿಯನ್ನು ತೋರಿಸಿರಿ. ನಡುವಿನ ಶಬ್ದವೊಂದರ ಮೇಲೆ ಬೆರಳಿಟ್ಟು ಕೇಳಿರಿ. ಆಮೇಲೆ, “ಇದರಲ್ಲಿ ಏನು ಬರೆದದೆ, ನನಗೆ ತಿಳಿಯುವ ಹಾಗೆ ಹೇಳು” ಅನ್ನಿರಿ. ತಡವರಿಸಿದರೆ ಬೈಯಬೇಡಿರಿ, ಶಾಲೆಗೆ ಹೋಗಿ ಉಪಾಧ್ಯಾಯರಿಗೆ ತಿಳಿಸಿರಿ.

ಆ ಹುಡುಗಿಯ ಬಳಿಯಲ್ಲಿ ನಾವು ಆ ಸಂಜೆ ಸ್ವಲ್ಪ ಹೊತ್ತು ಕೂತೆವು. ಅವಳು ಅಕ್ಷರಕ್ಕೆ ಅಕ್ಷರವನ್ನು ಕೂಡಿಸಿ, ಬೆವರುತ್ತಾ, ಒಂದೇ ಒಂದು ಶಬ್ದವನ್ನು ತಾನಾಗಿ ಓದಿದಳು. ಮುಂಜಾನೆ ಇಡೀ ಪಾಠಕ್ಕೆ ನಾವು ಕೊಟ್ಟ ಹೊಗಳಿಕೆಯು ಈ ಒಂದು ಶಬ್ದಕ್ಕೆ ಸಲ್ಲತಕ್ಕದ್ದಾಗಿತ್ತು.