ವಾಗ್ವಿದ್ಯೆಯ ಬೆಲೆ

ರಾಜಕೀಯ ಸಂವಹನದಲ್ಲಿ ಪದವಿಯನ್ನು ಪಡೆಯಬಯಸುವ ತರುಣನು ತಾನು ತೆರಬೇಕಾದ ಶುಲ್ಕವನ್ನೂ ಮುಂದೆ ದೊರೆಯಬಹುದಾದ ವೇತನವನ್ನೂ ತೂಗಿ ನೋಡುವುದು ಸಹಜವೇ. ತಂದೆತಾಯಿಗಳ ಬೆವರಿನ ಗಳಿಕೆಯಿಂದ ಓದುವವನು ಆ ಲೆಕ್ಕವನ್ನು ಹಾಕಲೇಬೇಕು. ಆದರೆ ಸಭೆಯನ್ನು ಒಲಿಸಿಕೊಳ್ಳುವ ವಿದ್ಯೆಗೆ ಬೆಲೆಯೆಷ್ಟು ಎಂಬುದು ಕೇವಲ ಹಣದ ಪ್ರಶ್ನೆಯಲ್ಲವೆಂಬುದು ಪ್ರಾಚೀನ ಅಥೆನ್ಸಿನಲ್ಲಿಯೇ ಚರ್ಚೆಗೆ ಬಂದಿತ್ತು.

ಪೌರರು ತಾವೇ ನೆರೆದು ಯುದ್ಧ ಸಂಧಿಗಳನ್ನು ನಿರ್ಣಯಿಸುತ್ತಿದ್ದ, ನ್ಯಾಯಸ್ಥಾನದಲ್ಲಿ ವಾದಿ ಪ್ರತಿವಾದಿಗಳು ತಾವೇ ನಿಂತು ನುಡಿಯಬೇಕಾಗಿದ್ದ ಆ ನಗರಕ್ಕೆ ಕ್ರಿ.ಪೂ. 427ರಲ್ಲಿ ಸಿಸಿಲಿಯಿಂದ ರಾಯಭಾರಿಯಾಗಿ ಬಂದ ಗಾರ್ಜಿಯಾಸನು ತನ್ನ ವಾಗ್ವೈಭವದಿಂದ ಜನರನ್ನು ಬೆರಗುಗೊಳಿಸಿದನು. ಮುಂದೆ ಅಲ್ಲಿಯೇ ವಾಗ್ವಿದ್ಯೆಯ ಪಾಠಶಾಲೆಯನ್ನು ತೆರೆದ ಐಸಾಕ್ರಟೀಸನು ಶಿಷ್ಯನೊಬ್ಬನಿಂದ 1000 ದ್ರಾಕ್ಮಗಳನ್ನು ಪಡೆಯುತ್ತಿದ್ದನೆಂದು ಹೇಳುವರು. ಕುಶಲ ಕೆಲಸಗಾರನ ದಿನಗೂಲಿ ಆಗ ಸುಮಾರು ಒಂದು ದ್ರಾಕ್ಮ. ಸಾಕ್ರೆಟೀಸನಾದರೋ ಬೋಧನೆಗಾಗಿ ಯಾರಿಂದಲೂ ಹಣವನ್ನು ಮುಟ್ಟಲಿಲ್ಲ.

ಪ್ಲೇಟೋವಿನ ಸಂವಾದವೊಂದರಲ್ಲಿ ಗಾರ್ಜಿಯಾಸನು ಹೆಮ್ಮೆಯಿಂದ ಒಂದು ನಿದರ್ಶನವನ್ನು ಕೊಡುತ್ತಾನೆ: ವೈದ್ಯನಾಗಿದ್ದ ಅವನ ಸೋದರನ ಮಾತಿಗೆ ಒಪ್ಪದೆ ಮದ್ದನ್ನೂ ಶಸ್ತ್ರಚಿಕಿತ್ಸೆಯನ್ನೂ ನಿರಾಕರಿಸಿದ ರೋಗಿಗಳನ್ನು ಗಾರ್ಜಿಯಾಸನು ಬರಿಯ ವಾಕ್‌ಚಾತುರ್ಯದಿಂದಲೇ ಒಪ್ಪಿಸಿದ್ದನಂತೆ. ಈ ವಿದ್ಯೆಯ ಮಹಿಮೆಯೂ ಭಯವೂ ಅದೊಂದು ನಿದರ್ಶನದಲ್ಲಿಯೇ ಅಡಗಿವೆಯೆಂದು ನನಗೆ ತೋರುತ್ತದೆ. ಮಾತಿನ ನೆರವಿಲ್ಲದಿದ್ದರೆ ವೈದ್ಯನ ಜ್ಞಾನವು ರೋಗಿಯ ತುಟಿಯನ್ನು ಮುಟ್ಟುತ್ತಿರಲಿಲ್ಲ. ಆದರೆ ಬಟ್ಟಲಿನಲ್ಲಿದ್ದುದು ವಿಷವಾಗಿದ್ದರೂ ಆ ಮಾತು ಅಷ್ಟೇ ಸಮರ್ಥವಾಗಿ ಅದನ್ನು ಕುಡಿಸುತ್ತಿತ್ತು, ಏಕೆಂದರೆ ಬಟ್ಟಲಿನಲ್ಲಿ ಏನಿದೆಯೆಂಬುದನ್ನು ತಿಳಿದಿದ್ದವನು ಸೋದರನೇ ಹೊರತು ವಾಗ್ಮಿಯಲ್ಲ. ಆದುದರಿಂದ ಅದೇ ಸಂವಾದದಲ್ಲಿ ಸಾಕ್ರೆಟೀಸನು ವಾಕ್ಕಲೆಯನ್ನು ಮುಖಸ್ತುತಿಯ ಪಂಗಡಕ್ಕೆ ಸೇರಿಸಿಬಿಟ್ಟುದು ನನಗೆ ಪೂರ್ಣವಾಗಿ ಸಮ್ಮತವಲ್ಲದಿದ್ದರೂ, ಅವನ ಆತಂಕವು ನ್ಯಾಯವಾದುದೆಂದೇ ನಂಬುತ್ತೇನೆ. ಪ್ಲೇಟೋ ಕೂಡ ‘ಫೀಡ್ರಸ್’ ಸಂವಾದದಲ್ಲಿ, ವಿಷಯದ ಸತ್ಯವನ್ನೂ ಶ್ರೋತೃವಿನ ಆತ್ಮಸ್ವಭಾವವನ್ನೂ ಬಲ್ಲವನ ವಾಕ್ಕಿಗೆ ಗೌರವದ ಸ್ಥಾನವನ್ನು ಕೊಟ್ಟಿದ್ದಾನೆ.

ಐಸಾಕ್ರಟೀಸನ ಶುಲ್ಕ ದುಬಾರಿಯಾಗಿತ್ತು, ನಿಜ. ಆದರೆ ಮೂರು ನಾಲ್ಕು ವರ್ಷಗಳ ಕಾಲ ತನ್ನೊಡನೆ ಇದ್ದ ಶಿಷ್ಯರು ಕಣ್ಣೀರಿಡುತ್ತ ಅಗಲುತ್ತಿದ್ದರೆಂದು ಅವನೇ ಬರೆದುಕೊಂಡಿದ್ದಾನೆ. ಕ್ಷುದ್ರವಾದ ವ್ಯಾಜ್ಯಗಳನ್ನು ಬಿಟ್ಟು ಗ್ರೀಕ್ ಜನಾಂಗದ ಹಿತಕ್ಕೆ ಸಂಬಂಧಿಸಿದ ಮಹಾವಿಷಯಗಳನ್ನು ಕುರಿತು ಅವರು ಚಿಂತಿಸಬೇಕೆಂಬುದು ಅವನ ಆಗ್ರಹವಾಗಿತ್ತು. ಅಂತಹ ಚಿಂತನೆಯಿಲ್ಲದೆ ಮತದಾರನ ಮನಸ್ಸನ್ನು ಹಿಡಿಯುವ ಉಪಾಯಗಳನ್ನು ಮಾತ್ರ ಕಲಿಸುವ ಪದವಿಯು ಶುಲ್ಕವಿಲ್ಲದೆ ದೊರೆತರೂ ದುಬಾರಿಯೇ ಸರಿ. ಆ ಬೆಲೆಯನ್ನು ತೆರುವವನು ವಿದ್ಯಾರ್ಥಿಯಲ್ಲ, ಅವನ ಮಾತನ್ನು ನಂಬಿದ ಜನ.

ತರುಣ ಓದುಗನೇ, ಪ್ರವೇಶಪತ್ರಕ್ಕೆ ರುಜು ಹಾಕುವ ಮೊದಲು ಪಠ್ಯಕ್ರಮವನ್ನು ತರಿಸಿಕೊಂಡು ಓದು. ಅದರಲ್ಲಿ ಇತಿಹಾಸ, ಸಂವಿಧಾನ, ಅರ್ಥಶಾಸ್ತ್ರ, ಅಂಕಿಅಂಶಗಳ ಪರಿಶೀಲನೆ ಇವುಗಳಿಗೆ ಎಷ್ಟು ಅವಧಿ ಮೀಸಲಾಗಿದೆಯೆಂಬುದನ್ನು ನೋಡಿ, ಆಮೇಲೆ ಶುಲ್ಕದ ಮಾತನ್ನು ಆಡು.