ಕೊಟ್ಟ ವಸ್ತುವಿನ ಮೇಲೆ ನಿಯಮ ಉಳಿಯಬಹುದೇ?

ಕೊಟ್ಟ ಮೇಲೆ ಆ ವಸ್ತುವಿನ ಚಿಂತೆಯನ್ನು ಬಿಡಬೇಕೆಂದು ಹಿರಿಯರು ಹೇಳುವುದುಂಟು. ಹಾಗಾದರೆ, ಕೊಟ್ಟದ್ದನ್ನು ಹಿಂಬಾಲಿಸಿ ‘ಹೀಗೆಯೇ ನಡೆದುಕೊಳ್ಳಬೇಕು’ ಎಂದು ವಿಧಿಸುವವನು ನಿಜವಾಗಿ ಕೊಟ್ಟನೇ? ಚದುರಂಗವಾಡುವ ಗಣಕಯಂತ್ರಗಳ ಲೋಕದಲ್ಲಿ ನಡೆದ ಒಂದು ಪ್ರಸಂಗ ಈ ಪ್ರಶ್ನೆಯ ವಿಚಾರಕ್ಕೆ ನೆರವಾಗುತ್ತದೆ.

ಗಣಕಯಂತ್ರವು ತಾನಾಗಿ ಚದುರಂಗವನ್ನು ಅರಿಯದು. ಅದು ಆಡಲು ಬೇಕಾದ ಪ್ರೋಗ್ರಾಮನ್ನು ಮನುಷ್ಯನು ಬರೆದು ಕೊಡಬೇಕು. ವ್ಯಾಪಾರಿ ಸಂಸ್ಥೆಗಳು ಈ ಮೂಲ ಬರಹವನ್ನು ಗುಟ್ಟಾಗಿರಿಸಿ, ಯಂತ್ರಕ್ಕೆ ಮಾತ್ರ ತಿಳಿಯುವ ಸಿದ್ಧರೂಪವನ್ನು ಮಾರುವುದು ವಾಡಿಕೆ. ನಾರ್ವೆಯ ಟೋರ್ಡ್ ರೊಮ್‌ಸ್ಟಾಡ್ ಅವರಾದರೋ ತಮ್ಮ ‘ಗ್ಲೌರುಂಗ್’ ಎಂಬ ಪ್ರೋಗ್ರಾಮಿನ ಮೂಲ ಬರಹವನ್ನೇ ಸರ್ವರಿಗೂ ತೆರೆದಿಟ್ಟರು. ಅದನ್ನಾಧರಿಸಿ ಇಟಲಿಯ ಮಾರ್ಕೊ ಕೊಸ್ಟಾಲ್ಬಾ ಅವರು 2008ರಲ್ಲಿ ‘ಸ್ಟಾಕ್‌ಫಿಶ್’ ಎಂಬುದನ್ನು ಹೊರತಂದರು. ಅದೂ ತೆರೆದ ಬರಹವೇ. 2013ರಿಂದ ನಾನಾ ದೇಶಗಳ ಸ್ವಯಂಸೇವಕರು ತಮ್ಮ ಯಂತ್ರಗಳ ಬಿಡುವಿನ ವೇಳೆಯನ್ನು ಇದಕ್ಕೆ ಕೊಡುತ್ತಿದ್ದಾರೆ. ಯಾರೇ ತಿದ್ದುಪಡಿ ಸೂಚಿಸಲಿ, ಹಳೆಯ ರೂಪದೊಡನೆ ಸಾವಿರಾರು ಆಟಗಳನ್ನಾಡಿಸಿ, ಗುಣ ಕಂಡರೆ ಮಾತ್ರ ಸೇರಿಸಿಕೊಳ್ಳುತ್ತಾರೆ.

ತೆರೆದಿಟ್ಟುದನ್ನು ಪ್ರತಿಸ್ಪರ್ಧಿಯೂ ಓದಬಲ್ಲನು. 2014ರ ಒಂದು ಪ್ರಮುಖ ಸ್ಪರ್ಧೆಯ ಅಂತಿಮ ಸುತ್ತಿನಲ್ಲಿ ಸ್ಟಾಕ್‌ಫಿಶ್ ‘ಕೊಮೊಡೊ’ ಎಂಬ ವ್ಯಾಪಾರಿ ಪ್ರೋಗ್ರಾಮನ್ನು ಗೆದ್ದಿತು. ಅದೇ ವರ್ಷ ಮರುಸ್ಪರ್ಧೆಯಲ್ಲಿ ಅದಕ್ಕೇ ಸೋತಿತು. ಸೋತರೂ ಬಾಗಿಲು ಮುಚ್ಚಲಿಲ್ಲ.

ಆದರೆ ಈ ಕೊಡುಗೆಗೆ ಒಂದು ನಿಯಮವಿದೆ. ಯಾರಾದರೂ ಒಯ್ಯಬಹುದು, ತಿದ್ದಬಹುದು, ಮಾರಲೂಬಹುದು. ಇನ್ನೊಬ್ಬರಿಗೆ ಕೊಡುವಾಗ ಮಾತ್ರ ಮೂಲ ಬರಹವನ್ನೂ ಅದೇ ಸ್ವಾತಂತ್ರ್ಯವನ್ನೂ ಜೊತೆಗೆ ಕೊಡಬೇಕು. ಜರ್ಮನಿಯ ಚೆಸ್‌ಬೇಸ್ ಸಂಸ್ಥೆಯು 2021ರಲ್ಲಿ ಮಾರಾಟಕ್ಕೆ ತಂದ ‘ಫ್ಯಾಟ್ ಫ್ರಿಟ್ಜ್ 2’ ಈ ನಿಯಮವನ್ನು ಮೀರಿದೆಯೆಂದು ಆಕ್ಷೇಪಿಸಿ, ಸ್ಟಾಕ್‌ಫಿಶ್‌ನವರು ಅದೇ ವರ್ಷ ನ್ಯಾಯಾಲಯದ ಮೆಟ್ಟಿಲೇರಿದರು. 2022ರ ನವೆಂಬರಿನಲ್ಲಿ ರಾಜಿಯಾಯಿತು. ಸ್ಟಾಕ್‌ಫಿಶ್ ಅಡಗಿರುವ ಸರಕನ್ನು ಒಂದು ವರ್ಷ ಮಾರುವುದಿಲ್ಲವೆಂದು ಆ ಸಂಸ್ಥೆ ಒಪ್ಪಿತು.

ಕೊಟ್ಟವರು ಹೀಗೆ ವ್ಯಾಜ್ಯಕ್ಕಿಳಿಯುವುದು ಮೋಹವಲ್ಲವೇ? ಬರಹವೇನೂ ನಕಲಿನಿಂದ ಸವೆಯದು. ಕೊಟ್ಟವರ ಮನೆಯಲ್ಲಿ ಅದು ಇದ್ದೇ ಇದೆ. ಹೀಗಿರಲು ನಷ್ಟವಾದುದು ಯಾರಿಗೆ? ಹಣ ತೆತ್ತು ಕೊಂಡವನಿಗೆ. ತನ್ನ ಕೈಯಲ್ಲಿರುವುದು ಯಾರ ದುಡಿಮೆಯೆಂದು ಅವನು ಅರಿಯನು. ತನಗೂ ಸಲ್ಲಬೇಕಾದ ಹಕ್ಕು ತಪ್ಪಿದ್ದನ್ನೂ ಅರಿಯನು. ಈ ನಿಯಮವು ಕಾಯುವುದು ಕಣ್ಣಿಗೆ ಕಾಣದ ಆ ಮೂರನೆಯವನನ್ನು. ದಾರಿಹೋಕರಿಗೆಂದು ಬಾವಿ ತೋಡಿಸಿದವನು ನೀರು ಸೇದುವವನನ್ನು ತಡೆಯನು. ಬಾವಿಗೆ ಬೀಗ ಹಾಕುವವನನ್ನು ತಡೆದಾನು. ಅದನ್ನು ಲೋಭವೆನ್ನಲಾಗದು.

ಆದರೂ ಇಲ್ಲೊಂದು ಎಚ್ಚರ ಬೇಕು. ಪರರ ಹಕ್ಕನ್ನು ಕಾಯುವೆನೆಂಬ ಮಾತಿನ ಮರೆಯಲ್ಲಿ ‘ಇದು ನನ್ನದು’ ಎಂಬ ಅಹಂಕಾರವೂ ಕೋಪವೂ ನುಸುಳಬಲ್ಲವು. ಅವು ನುಸುಳಿವೆಯೇ ಎಂದು ತಿಳಿಯುವ ಬಗೆ ಒಂದೇ: ತಪ್ಪಿದವನು ನಿಯಮಕ್ಕೆ ಮರಳಿದಾಗ ಅವನಿಗೂ ಬಾಗಿಲು ತೆರೆದಿದೆಯೇ? ಆ ರಾಜಿಯಲ್ಲಿ ತೆರೆದಿತ್ತು. ಅವಧಿ ಕಳೆದ ಮೇಲೆ, ನಿಯಮ ಪಾಲಿಸಿ ಮತ್ತೆ ಬಳಸಲು ಅವಕಾಶವಿರಿಸಲಾಯಿತು.

ಫಲವನ್ನು ಕೊಟ್ಟವನತ್ತಲೇ ಸೆಳೆಯುವ ನಿಯಮವು ಕೊಡುಗೆಯನ್ನು ಕೆಡಿಸುತ್ತದೆ. ಮುಂದಿನವನಿಗೆ ಮುಟ್ಟಿಸುವ ನಿಯಮವು ಅದನ್ನು ಪೂರ್ಣಗೊಳಿಸುತ್ತದೆ. ನಾವು ಕೊಡುವಾಗ ಇಡುವ ಮಾತುಗಳು ಇವೆರಡರಲ್ಲಿ ಯಾವ ಬಗೆಯವೆಂದು ಒಮ್ಮೆ ಕೇಳಿಕೊಳ್ಳೋಣ.